ಠೇವಣಿ ಹೋಯಿತು, ಮಾತು ಉಳಿಯಿತು

ಧಾರವಾಡದ ಪಕ್ಕದ ನುಗ್ಗಿಕೇರಿಯಲ್ಲಿ ಹನುಮಪ್ಪನ ಗುಡಿಯಿದೆ. ಶನಿವಾರ ಬಂತೆಂದರೆ ಹುಬ್ಬಳ್ಳಿ–ಧಾರವಾಡದ ಮಂದಿ ಅಲ್ಲಿಗೆ ಹರಿದು ಬರುತ್ತಾರೆ. ಕಾಯಿ, ಹೂವು, ಎಣ್ಣೆ ಮಾರುವವರ ಜೊತೆಗೆ ಹಣ್ಣಿನವರೂ ಕೂತಿರುತ್ತಾರೆ. ಬೇಸಿಗೆಯಲ್ಲಿ ಕಲ್ಲಂಗಡಿಗೆ ಒಳ್ಳೆಯ ಗಿರಾಕಿ. 2022ರ ಏಪ್ರಿಲ್ 9 ಅಂಥದೇ ಒಂದು ಶನಿವಾರ. ವರ್ಷಗಟ್ಟಲೆ ಅಲ್ಲೇ ಹಣ್ಣು ಮಾರಿಕೊಂಡು ಬಂದಿದ್ದ ಮುಸ್ಲಿಂ ಹಿರಿಯರೊಬ್ಬರ ಕಲ್ಲಂಗಡಿ ರಾಶಿಗೆ ಕೆಲವು ಯುವಕರು ಕೈಹಾಕಿದರು. ಹಣ್ಣುಗಳನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದರು. ಮಣ್ಣಿನ ಮೇಲೆ ಕೆಂಪು ತಿರುಳು, ಕಪ್ಪು ಬೀಜ, ಹಸಿರು ಸಿಪ್ಪೆ. ಅದರ ನಡುವೆ ದಿಕ್ಕು ತೋಚದೆ ಕೂತ ಆ ಮುದುಕರ ಚಿತ್ರವನ್ನು ಅಂದು ಸಂಜೆಯೊಳಗೆ ಇಡೀ ಕರ್ನಾಟಕ ನೋಡಿತು.

ಮರುದಿನ ಪೊಲೀಸರು ನಾಲ್ವರನ್ನು ಬಂಧಿಸಿದರು. ಅವರು ಶ್ರೀರಾಮ ಸೇನೆಯ ಕಾರ್ಯಕರ್ತರು. ಸೇನೆಯ ಸ್ಥಾಪಕ ಪ್ರಮೋದ್ ಮುತಾಲಿಕ್ ಆ ಹೊತ್ತಿನಲ್ಲಿ ಗುಡಿಯ ಬಳಿ ಇರಲಿಲ್ಲ. ಆದರೆ ದೇವಸ್ಥಾನದ ಆಸುಪಾಸಿನಲ್ಲಿ, ಜಾತ್ರೆಗಳಲ್ಲಿ ಮುಸ್ಲಿಮರು ಅಂಗಡಿ ಹಾಕಬಾರದೆಂಬ ಕೂಗಿಗೆ ಅವರು ವಾರಗಳಿಂದ ದನಿಗೂಡಿಸುತ್ತಿದ್ದರು. ಆ ಕೂಗು ನುಗ್ಗಿಕೇರಿಯಲ್ಲಿ ಏಟಾಗಿ ಬಿತ್ತು. ಬಿದ್ದದ್ದು ಒಬ್ಬ ಬಡ ವ್ಯಾಪಾರಿಯ ದಿನದ ದುಡಿಮೆಯ ಮೇಲೆ.

ಮುತಾಲಿಕ್ ಒಮ್ಮೆಯೂ ಶಾಸಕರಾದವರಲ್ಲ, ಸಂಸದರಾದವರಲ್ಲ, ಸರ್ಕಾರದ ಯಾವ ಕುರ್ಚಿಯಲ್ಲೂ ಕೂತವರಲ್ಲ. ಆದರೂ ಹೆಚ್ಚುಕಡಿಮೆ ಎರಡು ದಶಕಗಳಿಂದ ಕರ್ನಾಟಕದ ಸುದ್ದಿಮನೆಗಳು, ಪೊಲೀಸ್ ಠಾಣೆಗಳು, ವಿಧಾನಸೌಧ ಕೂಡ ಅವರ ಹೇಳಿಕೆಗಳಿಗೆ ಕಿವಿಗೊಟ್ಟಿವೆ. ಚುನಾವಣೆಯಲ್ಲಿ ನೆಲೆಯಿಲ್ಲದ ಒಬ್ಬ ಕಾರ್ಯಕರ್ತ ಇಡೀ ರಾಜ್ಯದ ಮಾತಿನ ದಾರಿಯನ್ನು ಹೇಗೆ ತಿರುಗಿಸಬಲ್ಲ ಎಂಬುದನ್ನು ಅರಿಯಲು ಅವರ ಬದುಕನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಬೆಳಗಾವಿ ಜಿಲ್ಲೆಯ ಹುಕ್ಕೇರಿ ಅವರ ಊರು. ಎಳೆಯ ವಯಸ್ಸಿನಲ್ಲೇ ಆರೆಸ್ಸೆಸ್ ಶಾಖೆಗೆ ಹೋದರು. 90ರ ದಶಕದಲ್ಲಿ ಬಜರಂಗ ದಳದ ದಕ್ಷಿಣ ಭಾರತದ ಸಂಚಾಲಕರಾದರು. ಹಳ್ಳಿ ಹಳ್ಳಿ ಸುತ್ತಿ ಹುಡುಗರನ್ನು ಸೇರಿಸಿದ ಸಂಘಟಕ ಅವರು. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ದತ್ತಪೀಠ ವಿವಾದದಲ್ಲೂ ಅವರ ಹೆಸರು ಮೊಳಗಿತು. ತಾವು ಬೆವರು ಸುರಿಸಿ ಕಟ್ಟಿದ ನೆಲದಲ್ಲಿ ಬೆಳೆ ಕೊಯ್ದವರು ಬೇರೆಯವರು ಎಂಬ ಕೊರಗು ಅವರಲ್ಲಿ ಬೆಳೆದದ್ದು ಆ ಕಾಲದಲ್ಲೇ. ಬಿಜೆಪಿ ತಮ್ಮನ್ನು ಬಳಸಿಕೊಂಡು ಬಿಟ್ಟಿತೆಂದು ಅವರು ಬಹಿರಂಗವಾಗಿಯೇ ಹಲವು ಸಲ ಹೇಳಿದ್ದಾರೆ. ಮುಂದೆ ಸಂಘ ಪರಿವಾರದಿಂದ ದೂರವಾಗಿ ಶಿವಸೇನೆಯ ಕರ್ನಾಟಕ ಘಟಕ ಸೇರಿದರು. ಬೆಳಗಾವಿ ಗಡಿ ವಿಚಾರದಲ್ಲಿ ಶಿವಸೇನೆಯ ನಿಲುವು ಗೊತ್ತೇ ಇದೆ. ಕನ್ನಡದ ನೆಲದಲ್ಲಿ ನಿಂತು ಅದನ್ನು ಹೊರುವುದು ಯಾರಿಂದಲೂ ಆಗದ ಕೆಲಸ. ಅಲ್ಲಿಂದಲೂ ಹೊರಬಂದು ತಮ್ಮದೇ ಸೇನೆ ಕಟ್ಟಿದರು.

2008ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಸಹಮತ್ ಸಂಸ್ಥೆ ಏರ್ಪಡಿಸಿದ್ದ ಎಂ.ಎಫ್. ಹುಸೇನ್ ಚಿತ್ರಗಳ ಪ್ರದರ್ಶನದ ಮೇಲೆ ದಾಳಿಯಾಯಿತು. ಅದರ ಹೊಣೆ ಹೊತ್ತದ್ದು ಶ್ರೀರಾಮ ಸೇನೆ. ದೆಹಲಿಯಲ್ಲಿ ಆ ಹೆಸರು ಆಗಿನ್ನೂ ಹೊಸದು. ಐದು ತಿಂಗಳು ಕಳೆಯುವಷ್ಟರಲ್ಲಿ ಅದನ್ನು ಕೇಳದವರೇ ಇರಲಿಲ್ಲ.

2009ರ ಜನವರಿ 24, ಮಂಗಳೂರು. ಅಮ್ನೀಸಿಯಾ ಎಂಬ ಪಬ್ಬಿಗೆ ಸುಮಾರು ನಲವತ್ತು ಮಂದಿ ನುಗ್ಗಿದರು. ಒಳಗಿದ್ದ ಹುಡುಗಿಯರನ್ನು ಕೂದಲು ಹಿಡಿದು ಎಳೆದರು, ಹೊಡೆದರು. ಓಡಿಹೋಗಲೆಂದು ಬಾಗಿಲು ದಾಟಿದವರನ್ನೂ ನೆಲಕ್ಕೆ ಬೀಳಿಸಿದರು. ಅಲ್ಲಿ ಟಿವಿ ಕ್ಯಾಮೆರಾಗಳೂ ಇದ್ದವು. ಆ ದೃಶ್ಯವನ್ನು ದೇಶ ವಾರವಿಡೀ ಮತ್ತೆ ಮತ್ತೆ ನೋಡಿತು. ಮುತಾಲಿಕ್ ಹೊಡೆತದ ರೀತಿಗೆ ವಿಷಾದ ಸೂಚಿಸಿದರು, ಉದ್ದೇಶವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಹೆಣ್ಣುಮಕ್ಕಳು ಪಬ್ಬಿಗೆ ಹೋಗುವುದು ನಮ್ಮ ಸಂಸ್ಕೃತಿಯಲ್ಲ, ಅವರನ್ನು ಕಾಪಾಡುವುದು ತಮ್ಮ ಕರ್ತವ್ಯ ಎಂಬುದು ಅವರ ವಾದ. ಅವರ ವಿಚಾರದ ತಿರುಳು ಇಲ್ಲೇ ಇದೆ. ಹೆಣ್ಣು ಕುಲದ ಮಾನ, ಮಾನ ಕಾಯುವವನು ಗಂಡು, ಕಾಯುವ ಭರದಲ್ಲಿ ಕೈ ಮಾಡಿದರೂ ತಪ್ಪಿಲ್ಲ. ಕಾಪಾಡಲೆಂದು ಹೊರಟವರ ಕೈಯಿಂದಲೇ ಹೆಣ್ಣುಮಕ್ಕಳು ಏಟು ತಿಂದರು ಎಂಬುದಕ್ಕೆ ಆ ವಾದ ಇಂದಿಗೂ ಉತ್ತರಿಸಿಲ್ಲ.

ಆ ದಿನಗಳಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಜನ ಈಗ ಮರೆತಿದ್ದಾರೆ. ದಾಳಿಯನ್ನು ಖಂಡಿಸಿದವರಲ್ಲೇ ಹಲವರು ಅದರ ಹಿಂದಿನ ಮಾತನ್ನು ಒಪ್ಪಿದರು. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಪಬ್ ಸಂಸ್ಕೃತಿಯ ವಿರುದ್ಧ ಮಾತಾಡಿದರು. ರಾಜಸ್ಥಾನದ ಕಾಂಗ್ರೆಸ್ ಮುಖ್ಯಮಂತ್ರಿ ಅಶೋಕ್ ಗೆಹ್ಲೋಟ್ ಅದೇ ರಾಗ ಹಾಡಿದರು. ಕೇಂದ್ರ ಆರೋಗ್ಯ ಸಚಿವ ಅನ್ಬುಮಣಿ ರಾಮದಾಸ್ ಕೂಡ ಅದು ಭಾರತೀಯವಲ್ಲ ಎಂದರು. ರಾಷ್ಟ್ರೀಯ ಮಹಿಳಾ ಆಯೋಗದಿಂದ ಮಂಗಳೂರಿಗೆ ಬಂದ ಸದಸ್ಯೆ ನಿರ್ಮಲಾ ವೆಂಕಟೇಶ್ ಪಬ್ಬಿನ ಭದ್ರತೆಯ ಕೊರತೆಯನ್ನೇ ಮುಂದು ಮಾಡಿ ಟೀಕೆಗೆ ಗುರಿಯಾದರು, ಬಳಿಕ ಆಯೋಗದಿಂದಲೇ ಹೊರಬಿದ್ದರು. ಇದಕ್ಕೆ ನೇರವಾಗಿ ಎದುರು ನಿಂತವರು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ರೇಣುಕಾ ಚೌಧರಿ. ವಿಶಾಖಪಟ್ಟಣದಲ್ಲಿ ಹುಟ್ಟಿ ಅಂದಿನ ಅವಿಭಜಿತ ಆಂಧ್ರದ ಖಮ್ಮಂನಿಂದ ಲೋಕಸಭೆಗೆ ಹೋದವರು. ಅವರು ಬಳಸಿದ ‘ತಾಲಿಬಾನೀಕರಣ’ ಎಂಬ ಪದ ಮಂಗಳೂರಿನಲ್ಲಿ ಇನ್ನೊಂದು ಜಗಳಕ್ಕೆ ದಾರಿಯಾಯಿತು.

ಫೆಬ್ರವರಿಯಲ್ಲಿ ಮುತಾಲಿಕ್ ಒಂದು ಗಡುವು ಕೊಟ್ಟರು. ಪ್ರೇಮಿಗಳ ದಿನ ಜೋಡಿಯಾಗಿ ಸಿಕ್ಕವರಿಗೆ ಮದುವೆ ಮಾಡಿಸುತ್ತೇವೆ ಎಂದರು. ಪತ್ರಕರ್ತೆ ನಿಶಾ ಸೂಸನ್ ಮತ್ತು ಗೆಳತಿಯರು ಅದಕ್ಕೆ ಉತ್ತರವಾಗಿ ‘ಪಿಂಕ್ ಚಡ್ಡಿ’ ಅಭಿಯಾನ ಶುರು ಮಾಡಿದರು. ದೇಶದ ಮೂಲೆಮೂಲೆಯಿಂದ ಗುಲಾಬಿ ಒಳಉಡುಪುಗಳು ಅಂಚೆಯಲ್ಲಿ ಸೇನೆಯ ವಿಳಾಸಕ್ಕೆ ಹೊರಟವು. ಫೆಬ್ರವರಿ 14ರ ಹೊತ್ತಿಗೆ ಪೊಲೀಸರು ಮುತಾಲಿಕರನ್ನು ಮುಂಜಾಗ್ರತೆಯಾಗಿ ಬಂಧಿಸಿದ್ದರು. ಮರುವರ್ಷ ಅದೇ ಫೆಬ್ರವರಿಯಲ್ಲಿ, ಬೆಂಗಳೂರಿನ ಚರ್ಚಾ ಕಾರ್ಯಕ್ರಮವೊಂದರಲ್ಲಿ ಅವರ ಮುಖಕ್ಕೆ ಮಸಿ ಬಳಿದರು. ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಮಸಿ ಬಳಿಯುವುದೂ ತೋಳ್ಬಲದ ಭಾಷೆಯೇ. ಅದರಿಂದ ಆ ವಿಚಾರಕ್ಕೆ ಏನೂ ಕುಂದಾಗಲಿಲ್ಲ, ಅವರ ಹೆಸರು ಇನ್ನಷ್ಟು ಮನೆಗಳಿಗೆ ತಲುಪಿತು.

ಪಬ್ ದಾಳಿಯ ಮೊಕದ್ದಮೆ ಒಂಬತ್ತು ವರ್ಷ ಎಳೆಯಿತು. ಏಟು ತಿಂದ ಹುಡುಗಿಯರು ದೂರು ಕೊಡಲು ಮುಂದೆ ಬಂದಿರಲಿಲ್ಲ. ಬಂದರೆ ಊರೆಲ್ಲ ಅವರ ಹೆಸರು, ಮನೆ, ಅವರು ತೊಟ್ಟ ಬಟ್ಟೆ ಎಲ್ಲ ಚರ್ಚೆಯಾಗುತ್ತಿತ್ತು. 2018ರ ಮಾರ್ಚ್ 12ರಂದು ಮಂಗಳೂರಿನ ನ್ಯಾಯಾಲಯ ಸಾಕ್ಷ್ಯದ ಕೊರತೆಯಿಂದ ಮುತಾಲಿಕ್ ಸೇರಿದಂತೆ ಆರೋಪಿಗಳನ್ನು ಬಿಡುಗಡೆ ಮಾಡಿತು. ಕಾನೂನಿನ ಕಣ್ಣಲ್ಲಿ ಅವರು ನಿರಪರಾಧಿಗಳು, ಅದನ್ನು ಗೌರವಿಸಬೇಕು. ಹೊಡೆತ ಬಿದ್ದದ್ದಂತೂ ದೇಶವೇ ನೋಡಿದ ಸತ್ಯ. ಅದಕ್ಕೆ ಯಾರೂ ಹೊಣೆಯಾಗಲಿಲ್ಲ.

ಆ ತೀರ್ಪು ಬಂದ ಮೂರು ತಿಂಗಳಿಗೆ ಗೌರಿ ಲಂಕೇಶ್ ಪ್ರಸಂಗ. 2017ರ ಸೆಪ್ಟೆಂಬರ್ 5ರಂದು ತಮ್ಮ ಮನೆಯ ಬಾಗಿಲಲ್ಲೇ ಗುಂಡೇಟಿಗೆ ಬಲಿಯಾದ ಪತ್ರಕರ್ತೆ ಆಕೆ. ಕೊಲೆಯ ಬಗ್ಗೆ ಪ್ರಧಾನಿ ಏಕೆ ಮಾತಾಡುತ್ತಿಲ್ಲ ಎಂಬ ಪ್ರಶ್ನೆ ಎದ್ದಾಗ ಮುತಾಲಿಕ್, ಕರ್ನಾಟಕದಲ್ಲಿ ನಾಯಿ ಸತ್ತರೂ ಮೋದಿ ಹೇಳಿಕೆ ಕೊಡಬೇಕೇ ಎಂಬರ್ಥದ ಮಾತಾಡಿದರು. ತಾವು ಗೌರಿಯನ್ನು ನಾಯಿಗೆ ಹೋಲಿಸಿಲ್ಲ ಎಂದು ಆಮೇಲೆ ಸಮಜಾಯಿಷಿ ಕೊಟ್ಟರು. ಕನ್ನಡ ಬಲ್ಲ ಯಾರಿಗೂ ಆ ಮಾತಿನ ಇರಿತ ಅರ್ಥವಾಗದೆ ಇರದು. ಸತ್ತವರ ಬಗ್ಗೆ ಹಗುರವಾಗಿ ಮಾತಾಡಬಾರದು ಎಂಬುದು ನಮ್ಮ ಹಳ್ಳಿಯ ಅಜ್ಜಿಯರೂ ಕಲಿಸುವ ಮೊದಲ ಸಂಸ್ಕಾರ. ಸಂಸ್ಕೃತಿಯ ಹೆಸರಲ್ಲಿ ಬದುಕಿಡೀ ಹೋರಾಡಿದೆ ಎನ್ನುವವರ ಬಾಯಲ್ಲಿ ಆ ಮಾತು ಬಂದದ್ದು ನೋವಿನ ಸಂಗತಿ.

ಇಷ್ಟೆಲ್ಲ ಸದ್ದು ಮಾಡಿದವರಿಗೆ ರಾಜಕೀಯದಲ್ಲಿ ಸಿಕ್ಕದ್ದೇನು? 2014ರ ಮಾರ್ಚ್ 23ರಂದು ಹುಬ್ಬಳ್ಳಿಯಲ್ಲಿ, ರಾಜ್ಯ ಬಿಜೆಪಿ ಅಧ್ಯಕ್ಷ ಪ್ರಹ್ಲಾದ ಜೋಶಿ ಸಮ್ಮುಖದಲ್ಲಿ ಅವರನ್ನು ಪಕ್ಷಕ್ಕೆ ಬರಮಾಡಿಕೊಂಡರು. ಹಾರ ಬಾಡುವ ಮುಂಚೆಯೇ, ಸುಮಾರು ಐದು ಗಂಟೆಗಳಲ್ಲಿ, ದೆಹಲಿಯಿಂದ ಬಂದ ಸೂಚನೆಯಂತೆ ಸೇರ್ಪಡೆ ರದ್ದಾಯಿತು. ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ ಪಬ್ ದಾಳಿಯ ಮುಖ ವೇದಿಕೆಯ ಮೇಲಿರುವುದು ಪಕ್ಷಕ್ಕೆ ಬೇಕಿರಲಿಲ್ಲ. ಅದೇ ವರ್ಷ ಗೋವಾದಲ್ಲಿ ಮನೋಹರ ಪರಿಕ್ಕರ್ ಅವರ ಬಿಜೆಪಿ ಸರ್ಕಾರವೇ ಅವರ ಪ್ರವೇಶಕ್ಕೆ ತಡೆ ಹಾಕಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ತನಕ ಹೋದರು. 2015ರಲ್ಲಿ ಅಲ್ಲಿಯೂ ಬಾಗಿಲು ತೆರೆಯಲಿಲ್ಲ, ನೈತಿಕ ಪೊಲೀಸ್‌ಗಿರಿಯ ಬಗ್ಗೆ ನ್ಯಾಯಪೀಠದಿಂದ ಖಾರವಾದ ಮಾತು ಕೇಳಬೇಕಾಯಿತು. 2023ರಲ್ಲಿ ಕಾರ್ಕಳದಿಂದ ಪಕ್ಷೇತರರಾಗಿ ನಿಂತರು. ಎದುರಿಗಿದ್ದವರು ಸಚಿವ ವಿ. ಸುನಿಲ್ ಕುಮಾರ್, ಒಂದು ಕಾಲಕ್ಕೆ ಅವರದೇ ಹಾದಿಯಲ್ಲಿ ಬೆಳೆದ ಹುಡುಗ. ಮುತಾಲಿಕರಿಗೆ ಬಿದ್ದದ್ದು ನಾಲ್ಕೂವರೆ ಸಾವಿರದ ಆಸುಪಾಸಿನ ಮತ. ಠೇವಣಿ ಹೋಯಿತು.

ಇಲ್ಲಿಗೆ ಕತೆ ಮುಗಿಯಿತು ಎಂದುಕೊಂಡರೆ ತಪ್ಪಾಗುತ್ತದೆ. ಮತಪೆಟ್ಟಿಗೆಯಲ್ಲಿ ಸೋತ ಮಾತು ಬೇರೆ ಬಾಗಿಲಿನಿಂದ ಒಳಗೆ ಬಂದಿತ್ತು. 2022ರ ವಸಂತದ ಆ ಮೂರು ತಿಂಗಳನ್ನೇ ನೋಡಿ. ಮಾರ್ಚ್ 15ರಂದು ಹಿಜಾಬ್ ಕುರಿತ ಹೈಕೋರ್ಟ್ ತೀರ್ಪು ಬಂತು. ಅದನ್ನು ವಿರೋಧಿಸಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಮುಚ್ಚಿದರು. ಅದರ ಬೆನ್ನಿಗೇ ಉಡುಪಿ ಜಿಲ್ಲೆಯ ಕಾಪುವಿನ ಮಾರಿಗುಡಿ ಜಾತ್ರೆಯಲ್ಲಿ ಅವರಿಗೆ ಜಾಗವಿಲ್ಲ ಎಂಬ ಮಾತು ಕೇಳಿಬಂತು. ಅದು ಕರಾವಳಿಯಿಂದ ಮಲೆನಾಡಿಗೆ, ಅಲ್ಲಿಂದ ಬಯಲುಸೀಮೆಗೆ ಹಬ್ಬಿತು. ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಾಗ ಕಾನೂನು ಸಚಿವ ಜೆ.ಸಿ. ಮಾಧುಸ್ವಾಮಿ 2002ರ ಮುಜರಾಯಿ ನಿಯಮವೊಂದನ್ನು ಓದಿದರು. ದೇವಸ್ಥಾನದ ಬಳಿಯ ಜಮೀನು, ಕಟ್ಟಡ, ನಿವೇಶನವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದೆನ್ನುವ ನಿಯಮ ಅದು. ರೂಪಿಸಿದ್ದು ಕಾಂಗ್ರೆಸ್ ಆಡಳಿತದ ಕಾಲದಲ್ಲಿ. ಸ್ಥಿರಾಸ್ತಿಯ ಗುತ್ತಿಗೆಗೆ ಸಂಬಂಧಿಸಿದ ಈ ನಿಯಮ ಜಾತ್ರೆಯ ಎರಡು ದಿನ ಚಾಪೆ ಹಾಸಿ ಬಳೆ ಮಾರುವವಳಿಗೆ ಹೇಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬರಲಿಲ್ಲ. ಬೀದಿಯಲ್ಲಿದ್ದ ಬೇಡಿಕೆಗೆ ಮಾತ್ರ ಸದನದಲ್ಲಿ ಒಂದು ಊರುಗೋಲು ಸಿಕ್ಕಿತು. ಬಿಜೆಪಿಯಲ್ಲೇ ಎ.ಎಚ್. ವಿಶ್ವನಾಥ್, ಅನಿಲ್ ಬೆನಕೆ ಇದನ್ನು ವಿರೋಧಿಸಿದರು ಎಂಬುದನ್ನೂ ನೆನೆಯಬೇಕು. ಕಲ್ಲಂಗಡಿ ಒಡೆದ ಮೇಲೆ ಯಡಿಯೂರಪ್ಪನವರೂ ಹಿಂದೂ ಮುಸ್ಲಿಮರು ಒಂದೇ ತಾಯಿಯ ಮಕ್ಕಳಂತೆ ಬದುಕಬೇಕೆಂದು ಕೇಳಿಕೊಂಡರು.

ಮೇ 9ಕ್ಕೆ ಮುತಾಲಿಕರ ಮುಂದಿನ ಗಡುವು. ಮಸೀದಿಗಳ ಧ್ವನಿವರ್ಧಕ ತೆಗೆಸದಿದ್ದರೆ ಬೆಳಗ್ಗೆ ಐದಕ್ಕೆ ದೇವಸ್ಥಾನಗಳಲ್ಲಿ ಸುಪ್ರಭಾತ, ಹನುಮಾನ್ ಚಾಲೀಸಾ ಹಾಕುತ್ತೇವೆ ಎಂದರು, ಹಾಕಿದರು. ಮರುದಿನ, ಮೇ 10ರಂದು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ ಎಂಬ ನಿಯಮವನ್ನು ಕಟ್ಟುನಿಟ್ಟು ಮಾಡುವ ಸುತ್ತೋಲೆ ಸರ್ಕಾರದಿಂದ ಹೊರಟಿತು. ನಿಯಮ ಹೊಸದಲ್ಲ, 2000ರಿಂದ ಇದ್ದದ್ದು. ಗುಡಿ, ಮಸೀದಿ, ಇಗರ್ಜಿ ಎಲ್ಲಕ್ಕೂ ಒಂದೇ. ಸದ್ದು ಕಡಿಮೆಯಾಗಬೇಕೆಂಬುದು ನ್ಯಾಯವಾದ ಬೇಡಿಕೆಯೇ. ಆದರೆ ಇಪ್ಪತ್ತು ವರ್ಷ ಕಡತದಲ್ಲಿ ಮಲಗಿದ್ದ ನಿಯಮ ಗಡುವಿನ ಮರುದಿನ ಎದ್ದು ಕೂತರೆ ಊರಿನ ಹುಡುಗರು ಕಲಿಯುವ ಪಾಠ ಒಂದೇ: ಅರ್ಜಿ ಕೊಟ್ಟರೆ ಕೆಲಸ ಆಗುವುದಿಲ್ಲ, ಗಡುವು ಕೊಟ್ಟರೆ ಆಗುತ್ತದೆ. ಮುತಾಲಿಕರ ಬಲವೆಲ್ಲ ಈ ಗಡುವಿನಲ್ಲೇ ಇದೆ. ಮೊದಲು ತಾರೀಖು, ಆಮೇಲೆ ಕ್ಯಾಮೆರಾ, ಆಮೇಲೆ ನಿಷೇಧಾಜ್ಞೆ. ಮುಂದಿನ ತಿಂಗಳು ಇನ್ನೊಂದು ತಾರೀಖು.

‘ಲವ್ ಜಿಹಾದ್’ ಮಾತಿನ ದಾರಿಯೂ ಹೀಗೇ. 2009ರಲ್ಲಿ ಕರ್ನಾಟಕ ಹೈಕೋರ್ಟ್ ತನಿಖೆಗೆ ಹೇಳಿತ್ತು. ಸಿಐಡಿಗೆ ಸಂಘಟಿತ ಸಂಚೇನೂ ಕಾಣಲಿಲ್ಲ. 2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಇಲಾಖೆಯ ರಾಜ್ಯ ಸಚಿವ ಜಿ. ಕಿಶನ್ ರೆಡ್ಡಿ ಲೋಕಸಭೆಗೆ ಕೊಟ್ಟ ಉತ್ತರದಲ್ಲಿ, ಕಾನೂನಿನಲ್ಲಿ ಅಂಥ ಪದಕ್ಕೆ ವ್ಯಾಖ್ಯೆಯೇ ಇಲ್ಲ, ಕೇಂದ್ರ ಸಂಸ್ಥೆಗಳು ಅಂಥ ಪ್ರಕರಣ ವರದಿ ಮಾಡಿಲ್ಲ ಎಂದರು. ಇಷ್ಟಾದರೂ ಆ ಮಾತು ಇಂದು ಮನೆಯ ಜಗಲಿಯ ಮೇಲೆ ಕೂತಿದೆ.

ಇದು ಕರ್ನಾಟಕದ ಕತೆ ಮಾತ್ರವಲ್ಲ. ಈಗ ಪೂರ್ವ ಕರಾವಳಿಗೆ, ಆಂಧ್ರಕ್ಕೆ ಹೋಗೋಣ. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗುವ ಹಾದಿಯ ನಡುವಿನ ಕಾಕಿನಾಡದಲ್ಲಿ ಶ್ರೀಪೀಠವಿದೆ. ಅದರ ಸ್ವಾಮಿ ಪರಿಪೂರ್ಣಾನಂದ ತೆಲುಗು ಟಿವಿಯಲ್ಲಿ ಪ್ರವಚನದಿಂದ ಹೆಸರಾದವರು. 2018ರ ಜುಲೈನಲ್ಲಿ ಸಿನಿಮಾ ವಿಮರ್ಶಕ ಕತ್ತಿ ಮಹೇಶ್ ರಾಮನ ಬಗ್ಗೆ ಆಡಿದ ಮಾತು ವಿವಾದವಾಯಿತು. ಅದನ್ನು ಖಂಡಿಸಿ ಸ್ವಾಮೀಜಿ ಯಾದಾದ್ರಿಗೆ ಪಾದಯಾತ್ರೆ ಹೊರಡಲು ಅಣಿಯಾದರು. ಹೈದರಾಬಾದ್ ಪೊಲೀಸರು ಒಂದೇ ವಾರದಲ್ಲಿ ಇಬ್ಬರನ್ನೂ ಆರು ತಿಂಗಳು ಗಡಿಪಾರು ಮಾಡಿದರು. ಸ್ವಾಮೀಜಿಯನ್ನು ಕಾಕಿನಾಡಕ್ಕೆ ಕರೆದೊಯ್ದು ಬಿಟ್ಟರು. ಮುಂದೆ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಅಕ್ಟೋಬರಿನಲ್ಲಿ ಅವರು ದೆಹಲಿಯಲ್ಲಿ ಅಮಿತ್ ಶಾ ಸಮ್ಮುಖದಲ್ಲಿ ಬಿಜೆಪಿ ಸೇರಿದರು. 2024ರಲ್ಲಿ ಕರ್ನಾಟಕದ ಗಡಿಗೆ ಅಂಟಿಕೊಂಡ ಹಿಂದೂಪುರದಲ್ಲಿ ಟಿಕೆಟ್ ಸಿಗದಿದ್ದಾಗ ಪಕ್ಷೇತರನಾಗಿ ನಿಲ್ಲುವುದಾಗಿ ಸಾರಿದರು. ಅಲ್ಲಿನ ವಿಧಾನಸಭೆಗೆ ಗೆದ್ದವರು ನಂದಮೂರಿ ಬಾಲಕೃಷ್ಣ. ಮುತಾಲಿಕ್ ಬೀದಿಯ ಸಂಘಟಕ, ಇವರು ಪೀಠದ ಸ್ವಾಮಿ. ಇಬ್ಬರ ಮಾತಿನ ವರಸೆ ಬೇರೆ. ಆದರೂ ರಾಜ್ಯ ಕಟ್ಟಿದ ಬೇಲಿಯಿಂದ ಹೆಸರು, ಹೆಸರಿನಿಂದ ಪಕ್ಷದ ಬಾಗಿಲು, ಟಿಕೆಟ್ ಕೇಳಿದಾಗ ಕೈಚೆಲ್ಲುವ ಪಕ್ಷ, ಕೊನೆಗೆ ಬಂಡಾಯ. ಈ ನಡೆ ಎರಡೂ ಕಡೆ ಒಂದೇ ತೆರ.

ಆಂಧ್ರದಲ್ಲಿ ಬಿಜೆಪಿಯ ಬೇರು ತೀರಾ ಹೊಸದಲ್ಲ. ಪಕ್ಷ ಹುಟ್ಟಿದ ಮರುವರ್ಷವೇ, 1981ರಲ್ಲಿ, ವಿಶಾಖಪಟ್ಟಣದ ನಗರ ಪಾಲಿಕೆಯನ್ನು ಅದು ಗೆದ್ದಿತ್ತು, ಎನ್.ಎಸ್.ಎನ್. ರೆಡ್ಡಿ ಮೇಯರ್ ಆಗಿದ್ದರು. ಆದರೆ ಕುಲ ಸಮೀಕರಣ ಮತ್ತು ಪ್ರಾದೇಶಿಕ ಪಕ್ಷಗಳ ನೆಲದಲ್ಲಿ ಆ ಬೇರು ಹರಡಲಿಲ್ಲ. 2019ರ ವಿಧಾನಸಭಾ ಚುನಾವಣೆಯಲ್ಲಿ ಆಂಧ್ರ ಬಿಜೆಪಿಗೆ ಬಂದ ಮತ ಶೇ 0.84. ‘ನೋಟಾ’ಗೆ ಬಿದ್ದದ್ದು ಅದಕ್ಕಿಂತ ಹೆಚ್ಚು.

ಅದಾದ ಐದು ವರ್ಷಕ್ಕೆ ಏನಾಯಿತು ನೋಡಿ. ತಿರುಪತಿ ಲಡ್ಡು ತುಪ್ಪದ ವಿವಾದ ಎದ್ದಾಗ ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ 11 ದಿನಗಳ ಪ್ರಾಯಶ್ಚಿತ್ತ ದೀಕ್ಷೆ ತೊಟ್ಟರು. 2024ರ ಸೆಪ್ಟೆಂಬರ್ 24ರಂದು ವಿಜಯವಾಡದ ಇಂದ್ರಕೀಲಾದ್ರಿಗೆ ಬಂದು ಕನಕದುರ್ಗೆಯ ಗುಡಿಯ ಮೆಟ್ಟಿಲು ತೊಳೆದರು. ಕೇಸರಿ ಉಟ್ಟ ಸಿನಿಮಾ ನಾಯಕ ಬಗ್ಗಿ ಮೆಟ್ಟಿಲು ಉಜ್ಜುವ ದೃಶ್ಯ ತೆಲುಗು ನಾಡಿನ ಮನೆಮನೆಯ ಟಿವಿಯಲ್ಲಿ ಬಂತು. ಅಕ್ಟೋಬರ್ 3ರಂದು ತಿರುಪತಿಯಲ್ಲಿ ಸನಾತನ ಧರ್ಮದ ರಕ್ಷಣೆಗೆ ದೇಶವ್ಯಾಪಿ ಕಾಯ್ದೆ, ಮಂಡಳಿ ಬೇಕೆಂದು ‘ವಾರಾಹಿ ಘೋಷಣೆ’ ಓದಿದರು. ಅವರದು ಬಿಜೆಪಿಯಲ್ಲ, ತಮ್ಮದೇ ಜನಸೇನಾ ಪಕ್ಷ. 2025ರ ಜನವರಿ 5ರಂದು ವಿಜಯವಾಡದ ಪಕ್ಕದ ಕೇಸರಪಲ್ಲಿಯಲ್ಲಿ ವಿಶ್ವ ಹಿಂದೂ ಪರಿಷತ್ತಿನ ‘ಹೈಂದವ ಶಂಖಾರಾವಂ’ ಸಮಾವೇಶ ಭಾರೀ ಜನಸ್ತೋಮದೊಂದಿಗೆ ನಡೆಯಿತು. ದೇವಸ್ಥಾನಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸಬೇಕೆಂಬುದು ಅದರ ಮುಖ್ಯ ಕೂಗು. ಈ ಬೇಡಿಕೆಯಲ್ಲಿ ಚರ್ಚೆಗೆ ಯೋಗ್ಯವಾದದ್ದು ಬಹಳವಿದೆ. ಹುಂಡಿಯ ಹಣ ಎಲ್ಲಿ ಹೋಗುತ್ತದೆ ಎಂದು ಕೇಳುವುದು ಭಕ್ತರ ಹಕ್ಕು. ಆದರೆ ಅದೇ ಉಸಿರಿನಲ್ಲಿ ಗುಡಿಯ ಕೆಲಸದಿಂದ ಹಿಂದೂಗಳಲ್ಲದವರನ್ನು ತೆಗೆಯಬೇಕೆಂಬ ಮಾತೂ ಬಂತು. ಲೆಕ್ಕಪತ್ರದ ಪ್ರಶ್ನೆ ಮನುಷ್ಯರ ಜರಡಿಯಾಗುವುದು ಇಂಥ ಕಡೆ.

ಆ ಜರಡಿಯನ್ನು ಆಂಧ್ರ ಸರ್ಕಾರ ಬಹಳ ಹಿಂದೆಯೇ ಹಿಡಿದು ನೋಡಿತ್ತು, ಯಾವ ಸೇನೆಯ ಗಡುವೂ ಇಲ್ಲದೆ. 2015ರ ನವೆಂಬರ್ 9ರಂದು, ಚಂದ್ರಬಾಬು ನಾಯ್ಡು ಮುಖ್ಯಮಂತ್ರಿಯಾಗಿದ್ದಾಗ, ದತ್ತಿ ಇಲಾಖೆ 426ನೇ ಸಂಖ್ಯೆಯ ಆದೇಶ ಹೊರಡಿಸಿತು. ದೇವಸ್ಥಾನದ ಅಂಗಡಿಗಳ ಹರಾಜಿನಲ್ಲಿ ಹಿಂದೂಗಳಲ್ಲದವರು ಭಾಗವಹಿಸುವಂತಿಲ್ಲ. ಅದರ ಬಿಸಿ ತಟ್ಟಿದ್ದು ಶ್ರೀಶೈಲಕ್ಕೆ. ಉತ್ತರ ಕರ್ನಾಟಕದ ಮಂದಿಗೆ ಶ್ರೀಶೈಲ ಪರಸ್ಥಳವಲ್ಲ. ಯುಗಾದಿಗೆ ಮುಂಚೆ ಬಿಸಿಲಲ್ಲಿ, ನಲ್ಲಮಲ ಕಾಡಿನಲ್ಲಿ ಕಂಬಿ ಹೊತ್ತು ನಡೆದು ಹೋಗಿ ಮಲ್ಲಯ್ಯನನ್ನು ಕಾಣುವವರು ಲಕ್ಷಗಟ್ಟಲೆ. ಅಲ್ಲಿ ಹಲವು ವರ್ಷಗಳಿಂದ ಅಂಗಡಿ ನಡೆಸುತ್ತಿದ್ದ ಮುಸ್ಲಿಂ ವ್ಯಾಪಾರಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2019ರಲ್ಲಿ ಹೈಕೋರ್ಟಿನಲ್ಲಿ ಸೋತರು. ಸುಪ್ರೀಂ ಕೋರ್ಟಿಗೆ ಹೋದರು.

2021ರ ಡಿಸೆಂಬರ್ 17ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಎ.ಎಸ್. ಬೋಪಣ್ಣ ಅವರ ಪೀಠ, ಧರ್ಮದ ಕಾರಣಕ್ಕೆ ಯಾರನ್ನೂ ಹರಾಜಿನಿಂದ ಹೊರಗಿಡುವಂತಿಲ್ಲ ಎಂದಿತು. ಬೋಪಣ್ಣ ಕೊಡಗಿನವರು, ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು. ಗುಡಿಯ ಹತ್ತಿರ ಹೆಂಡ, ಜೂಜು ಬೇಡ ಎಂದರೆ ಒಪ್ಪಬಹುದು, ಹಿಂದೂ ಅಲ್ಲ ಎಂಬ ಒಂದೇ ಕಾರಣಕ್ಕೆ ಹೂವು, ಮಕ್ಕಳ ಆಟಿಕೆ ಮಾರಬಾರದು ಎನ್ನುವುದು ನಿಲ್ಲುವ ಮಾತಲ್ಲ ಎಂಬುದು ಪೀಠದ ವಿವರಣೆ. ನುಗ್ಗಿಕೇರಿಯಲ್ಲಿ ಕಲ್ಲಂಗಡಿ ಒಡೆದಾಗ ಆ ಆದೇಶಕ್ಕೆ ನಾಲ್ಕು ತಿಂಗಳೂ ತುಂಬಿರಲಿಲ್ಲ.